ಪುತಳಾಬಾಯಿ ಪೂರ್ತಿ ಹೇಳಿದ ಕಥೆ

ಕುಲದೇವರು ಬೀರಪ್ಪನ ಕಥೆ ಹೇಳುವುದು ಕುರುಬರಲ್ಲಿ ಗಂಡಸರ ಕೆಲಸ. ಕೊರಳಿಗೆ ಡೊಳ್ಳು ಹಾಕಿಕೊಂಡು ಗುಡಿಯ ಮುಂದೆ ನಿಂತು ಒಬ್ಬ ಹೇಳಬೇಕು, ಇಬ್ಬರು ಹಿಂದೆ ದನಿ ಎತ್ತಿಕೊಳ್ಳಬೇಕು. ಭಾತಂಬ್ರಾದ ಹಣಮಂತಪ್ಪನಿಗೆ ಗಂಡುಮಕ್ಕಳು ಹುಟ್ಟಲಿಲ್ಲ. ಅಜ್ಜನಿಂದ ಬಂದ ಕಥೆ ತನ್ನೊಂದಿಗೆ ಮಣ್ಣಾಗಬಾರದೆಂದು ಅವನು ಅದನ್ನು ಮಗಳು ಪುತಳಾಳಿಗೆ ಕಲಿಸಿದ. ಕುರಿಯ ಹಿಂದೆ ನಡೆಯುತ್ತ, ಉಣ್ಣೆ ನೂಲುತ್ತ, ಹನ್ನೆರಡು ವರ್ಷ ಕಲಿಸಿದ. ಮದುವೆಯಾಗಿ ಹೊರಡುವ ದಿನ ಅವನು ಹೇಳಿದ್ದು ಒಂದೇ ಮಾತು: "ಗುಡಿ ಮುಂದ ಹೇಳಬ್ಯಾಡವ್ವ, ಮಂದಿ ಆಡಿಕೋತಾರ. ಆದರ ಬಾಯಾಗ ಇಟ್ಕೋ. ಬಿಟ್ರ ಹೋಗತೈತಿ."

ಈ ಪುತಳಾಬಾಯಿ ತನ್ನ ಬದುಕಿನ ಕೊನೆಯ ಭಾಗವನ್ನು ಭಾಲ್ಕಿಯಲ್ಲಿ, ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಕಳೆದಳು. ನಮ್ಮ ಅವ್ವ ಶಾಂತಾಬಾಯಿಯೇ ಅವಳಿಗೆ ಆ ಕೋಣೆ ಕೊಟ್ಟವಳು. ಮುಂದೆ ನಾನು ಬರೆಯುವುದೆಲ್ಲ ಪುತಳಾಬಾಯಿ ಕಂಬಳಿಯ ನೂಲು ತೆಗೆಯುತ್ತ ನನಗೆ ಹೇಳಿದ್ದು. ಕಡೆಯ ಒಂದು ಸಂಗತಿ ಮಾತ್ರ ನಾನೇ ಕಣ್ಣಾರೆ ಕಂಡದ್ದು.

ಅವಳನ್ನು ಕೊಟ್ಟ ಊರು ಮೆಂಢವಾಡಿ. ಔರಾದ ತಾಲೂಕಿನಲ್ಲಿ ಡಾಬಕಾದ ಆಚೆ, ಈಗಿನ ಮಹಾರಾಷ್ಟ್ರದ ಗಡಿಗೆ ಹತ್ತಿದಂತೆ ಇದ್ದ ನಲವತ್ತು ಮನೆಗಳ ಹಟ್ಟಿ. ಗಂಡ ಜ್ಞಾನೇಶ್ವರ ಮಿತಭಾಷಿ. ಎಂಬತ್ತು ಕುರಿ, ಮೂರು ಎಕರೆ ಮಡ್ಡಿ ಹೊಲ. ಪಕ್ಕದ ಮನೆ ಪಿಂಜಾರ ಶರಫೋದ್ದೀನನದು. ಊರಿನಲ್ಲಿ ಮುಸಲ್ಮಾನರ ಮನೆ ಆರು. ಅದರಲ್ಲಿ ಹತ್ತಿ, ಉಣ್ಣೆ ಹಿಂಜುವವನು ಅವನೊಬ್ಬನೇ. ಕುರುಬರು ಕತ್ತರಿಸಿದ ಉಣ್ಣೆ ಅವನ ಬಿಲ್ಲಿಗೆ ಹೋಗಿ, ಹಗುರಾಗಿ ಬಂದು ಹೆಂಗಸರ ಕದಿರಿಗೆ ಏರುತ್ತಿತ್ತು. ಹಾಗಾಗಿ ಎರಡು ಮನೆಗಳ ನಡುವಿನ ಮಣ್ಣಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಉಣ್ಣೆಯ ಗಂಟು ಅದರಲ್ಲೇ ಹೋಗಿ ಬರುವುದು. ಶರಫೋದ್ದೀನನ ಹೆಂಡತಿ ಖುರ್ಷಿದ ಬೇಗಂ ಕೂಡ ಅದರಲ್ಲೇ ತೂರಿ ಬರುವಳು, ಹಿಂದೆ ಮಗಳು ಶಮೀಮ. ಶರಫೋದ್ದೀನ ಪುತಳಾಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ.

ಪುತಳಾಳಿಗೆ ಮಕ್ಕಳಾಗಲಿಲ್ಲ. ಶಮೀಮ ಅರ್ಧ ದಿನ ಅವಳ ಮಡಿಲಲ್ಲೇ ಇರುತ್ತಿದ್ದಳು. ನೂಲುವಾಗ ಪುತಳಾ ಬೀರಪ್ಪನ ಕಥೆ ಹೇಳುವಳು, ಖುರ್ಷಿದ ಕೇಳುವಳು. ಮೊಹರಂ ಬಂದರೆ ಖುರ್ಷಿದ ಕರ್ಬಲಾದ ಕಥೆ ಹೇಳುವಳು, ಪುತಳಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಳು. ಕಥೆ ಹೇಳುವವರಿಗೆ ಎದುರಿನಲ್ಲಿ ಹೂಂಗುಟ್ಟುವವರು ಇರಬೇಕು. ಇಲ್ಲದಿದ್ದರೆ ಕಥೆ ನಿಲ್ಲಿಸಬೇಕೆಂಬುದು ಪದ್ಧತಿ. ಆ ಕೆಲಸ ಶಮೀಮಳದು. ಮೂರು ವರ್ಷದವಳಿದ್ದಾಗಲೇ ಅವಳು ಹೂಂ ಎನ್ನಲು ಕಲಿತಿದ್ದಳು.

ಸಾವಿರದ ಒಂಬೈನೂರ ನಲವತ್ತೆಂಟರ ಜ್ಯೇಷ್ಠ ಮಾಸ. ನಿಜಾಮನ ರಾಜ್ಯದ ತುಂಬ ರಜಾಕಾರರ ಲಾರಿಗಳು ಓಡಾಡುತ್ತಿದ್ದವು. ಜ್ಞಾನೇಶ್ವರನ ಅಣ್ಣ ದತ್ತಾತ್ರಿ ಅವರ ವಿರುದ್ಧ ಬಂದೂಕು ಹಿಡಿದು ಗುಡ್ಡದಾಚೆಯ ಶಿಬಿರ ಸೇರಿ ವರ್ಷವಾಗಿತ್ತು. ಜ್ಞಾನೇಶ್ವರ ಕುರಿ ಮೇಯಿಸುವ ನೆವದಲ್ಲಿ ಕಂಬಳಿಯೊಳಗೆ ರೊಟ್ಟಿ ಸುತ್ತಿಕೊಂಡು ಶಿಬಿರಕ್ಕೆ ಮುಟ್ಟಿಸುತ್ತಿದ್ದ. ಈ ಸುದ್ದಿ ಯಾರ ಬಾಯಿಂದ ಹೊರಬಿತ್ತೋ ಗೊತ್ತಿಲ್ಲ. ಒಂದು ಬೆಳಿಗ್ಗೆ, ಹೆಂಗಸರು ಸಗಣಿ ಬಾಚುವ ಹೊತ್ತಿಗೆ, ಎರಡು ಲಾರಿ ಬಂದು ಊರ ಮುಂದೆ ನಿಂತವು.

ರಜಾಕಾರರ ಕೈಗೆ ಮೊದಲು ಸಿಕ್ಕವನು ಶರಫೋದ್ದೀನ. ಕುತ್ತಿಗೆಯ ವಲ್ಲಿ ಹಿಡಿದು, ಬೆನ್ನಿಗೆ ಬಂದೂಕು ಒತ್ತಿ, ದತ್ತಾತ್ರಿಯ ತಮ್ಮನ ಮನೆ ತೋರಿಸು ಎಂದರು. ಅವನು ಅವರ ಮುಂದೆ ನಡೆದ. ಊರೆಲ್ಲ ಕದದ ಸಂದಿಯಿಂದ ಅದನ್ನು ನೋಡಿತು. ಊರು ನೋಡಿದ್ದು ಅಷ್ಟೇ. ಮುಂದಿನದನ್ನು ಕೇಳಿಸಿಕೊಂಡವಳು ಬಾಗಿಲ ಹಿಂದೆ ನಿಂತಿದ್ದ ಪುತಳಾ ಒಬ್ಬಳೇ. ಜ್ಞಾನೇಶ್ವರ ಅವಳ ತಲೆಯ ಮೇಲಿನ ಅಟ್ಟದಲ್ಲಿ, ಜೋಳದ ಸೊಪ್ಪೆಯ ಹಿಂದೆ ಮಲಗಿದ್ದ.

ಶರಫೋದ್ದೀನ ಬಾಗಿಲ ಮುಂದೆ ನಿಂತು ಉರ್ದುವಿನಲ್ಲಿ ಹೇಳಿದ: ಈ ಮನೆ ಖಾಲಿ ಇದೆ, ಗಂಡ ಹೆಂಡತಿ ಇಬ್ಬರೂ ಭಾತಂಬ್ರಾಕ್ಕೆ ಹೋಗಿ ಎಂಟು ದಿನವಾಯಿತು, ಅಲ್ಲಾನ ಆಣೆ. ಅವರ ಮುಖಂಡ ಬಂದೂಕಿನ ಹಿಡಿಯಿಂದ ಅವನ ಕಪಾಳಕ್ಕೆ ಬಾರಿಸಿದ. ದವಡೆಯ ಎಲುಬು ಮುರಿದ ಸದ್ದು ಪುತಳಾಳಿಗೆ ಒಳಗೆ ಕೇಳಿಸಿತು. ಆದರೂ ಅವನು ಮಾತು ಬದಲಿಸಲಿಲ್ಲ.

ಅವರು ಹುಡುಕುವ ತೊಂದರೆ ತೆಗೆದುಕೊಳ್ಳಲಿಲ್ಲ. ಸಾಲಿನಲ್ಲಿದ್ದ ಮನೆಗಳ ಸೂರಿಗೆಲ್ಲ ಬೆಂಕಿ ಹಚ್ಚಿದರು. ಹೊಗೆ ತಾಳದೆ ಜ್ಞಾನೇಶ್ವರ ಅಟ್ಟದಿಂದ ಧುಮುಕಿ ಹೊರಗೆ ಬಂದ. ಮೊದಲ ಗುಂಡು ತೊಡೆಗೆ ಬಿತ್ತು. ಬಿದ್ದವನನ್ನು ಕಾಲು ಹಿಡಿದು ಕಣದವರೆಗೆ ಎಳೆದುಕೊಂಡು ಹೋಗಿ ಭರ್ಚಿಯಿಂದ ಇರಿದರು. ಪುತಳಾ ಅವನ ಮೇಲೆ ಬಿದ್ದಳು. ಅವಳ ಜಡೆ ಹಿಡಿದು ಒಬ್ಬ ಎತ್ತಿ ಎಸೆದ. ಭರ್ಚಿ ಮತ್ತೆ ಇಳಿಯಿತು. ಅಂದು ಕಣದಲ್ಲಿ ಐವರು ಗಂಡಸರು ಸತ್ತರು. ಹೋಗುವಾಗ ಲಾರಿಯ ಮೇಲಿನಿಂದ ದೊಡ್ಡಿಯೊಳಗಿನ ಕುರಿಗಳಿಗೆ ಸುಮ್ಮನೆ ಗುಂಡು ಹೊಡೆದರು. ಎಂಬತ್ತರಲ್ಲಿ ಇಪ್ಪತ್ತೆರಡು ಉಳಿದವು.

ಶರಫೋದ್ದೀನ ಮುರಿದ ದವಡೆಗೆ ಅರಿವೆ ಕಟ್ಟಿಕೊಂಡು ಹೆಣ ಹೊರಲು ಬಂದ. ಯಾರೂ ಅವನಿಗೆ ಚಟ್ಟ ಮುಟ್ಟಗೊಡಲಿಲ್ಲ. ಲಾರಿಯವರ ಮುಂದೆ ನಡೆದವನು, ಮತ್ತೆ ಬದುಕಿ ಉಳಿದವನು. ಊರಿಗೆ ಅಷ್ಟು ಸಾಕಾಯಿತು. ಪುತಳಾ ನಡೆದದ್ದನ್ನು ನಾಲ್ಕು ಹೆಂಗಸರ ಮುಂದೆ ಹೇಳಿದಳು. ಅವರು ಕೇಳಿ ಸುಮ್ಮನಾದರು. ಗಂಡಸರ ಮುಂದೆ ಅವಳು ಹೇಳಲಿಲ್ಲ. "ನನಗ ದನಿನೇ ಇರಲಿಲ್ಲವ್ವ ಆವಾಗ," ಎಂದಳು ನನಗೆ. "ಹೊಸಾ ರಂಡಿಮುಂಡಿ ನಾನು. ಮೂಲ್ಯಾಗ ಕುಂತಿದ್ನಿ."

ಭಾದ್ರಪದದಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಹಿಂದುಸ್ತಾನದ ಫೌಜು ಬಂದಿತು, ಐದು ದಿನಗಳಲ್ಲಿ ನಿಜಾಮ ಶರಣಾದ. ರಜಾಕಾರರು ಲಾರಿ ಬಿಟ್ಟು ಓಡಿದರು. ಓಡಲು ಜಾಗವಿಲ್ಲದವರು, ಓಡಬೇಕಾದ ತಪ್ಪು ಮಾಡದವರು, ಊರುಗಳಲ್ಲೇ ಉಳಿದರು. ನಿಜಾಮ ಶರಣಾದ ಮೂರನೆಯ ದಿನ ಮಧ್ಯಾಹ್ನ ದತ್ತಾತ್ರಿ ಬಂದೂಕಿನೊಂದಿಗೆ ಮೆಂಢವಾಡಿಗೆ ಬಂದ. ಜೊತೆಗೆ ಹದಿನೈದು ಮಂದಿ. ಅರ್ಧ ಊರವರು, ಅರ್ಧ ಹೊರಗಿನವರು. ಕೈಯಲ್ಲಿ ಕೊಡಲಿ, ಭರ್ಚಿ. ಮೊದಲು ಅವನು ತಮ್ಮ ಸತ್ತ ಕಣಕ್ಕೆ ಹೋಗಿ ಮಣ್ಣು ಹಣೆಗೆ ಹಚ್ಚಿಕೊಂಡ. ಆಮೇಲೆ ಮುಸಲ್ಮಾನರ ಆರು ಮನೆಗಳ ಓಣಿಗೆ ತಿರುಗಿದ.

ಸುಟ್ಟ ಸೂರಿಗೆ ಮತ್ತೆ ಹುಲ್ಲು ಹೊದಿಸಿದ ಮನೆಯೊಳಗೆ ಪುತಳಾ ಇದ್ದಳು. ಕೂಗು ಕೇಳಿ ಬಾಗಿಲಿಗೆ ಅಗಳಿ ಹಾಕಿದಳು. ಸ್ವಲ್ಪ ಹೊತ್ತಿಗೆ ಯಾರೋ ಓಡಿಬಂದು ಬಾಗಿಲಿಗೆ ಬಿದ್ದರು.

"ವೈನಿ," ಎಂದಿತು ಹೊರಗಿನ ದನಿ. ದವಡೆ ನೆಟ್ಟಗೆ ಕೂಡಿರಲಿಲ್ಲವಾದ್ದರಿಂದ ಶರಫೋದ್ದೀನನ ಮಾತು ತೊದಲುತ್ತಿತ್ತು. "ವೈನಿ, ಬಾಗಲ ತಗೀರಿ."

ಅವಳ ಕೈ ಅಗಳಿಯ ಮೇಲಿತ್ತು. ತೆಗೆಯಲಿಲ್ಲ.

ಹೊರಗೆ ಕಾಲುಗಳ ಸದ್ದು ಹತ್ತಿರವಾಯಿತು. ಶರಫೋದ್ದೀನ ಬಾಗಿಲಿಗೆ ಬಾಯಿ ಹಚ್ಚಿ ಮತ್ತೊಮ್ಮೆ ಮಾತಾಡಿದ. ಆಮೇಲೆ ಕೊಡಲಿ ಬಿತ್ತು. ಒಂದು ಏಟು ಬಾಗಿಲಿಗೂ ತಗುಲಿ ಹಲಗೆ ಸೀಳಿತು. ನಾಲ್ಕೋ ಐದೋ ಏಟುಗಳಾದ ಮೇಲೆ ಬಾಗಿಲ ಕೆಳಗಿನ ಸಂದಿಯಿಂದ ರಕ್ತ ಒಳಗೆ ಹರಿದು ಬಂದು, ಬೆಳಿಗ್ಗೆಯಷ್ಟೇ ಸಾರಿಸಿದ್ದ ನೆಲದ ಮೇಲೆ ಅವಳ ಪಾದದ ಸುತ್ತ ಹರಡಿತು. ಆಗ ಅವಳು ಕೈ ತೆಗೆದಳು.

ಹಿಂಬದಿಗೆ ಹೋಗಿ, ಗೋಡೆಯ ಕಿಂಡಿಯಲ್ಲಿ ತೂರಿ, ಹತ್ತಿ ತುಂಬಿದ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಖುರ್ಷಿದಳನ್ನೂ ಮಗುವನ್ನೂ ಎಳೆದುಕೊಂಡು ಬಂದಳು. ಆ ವರ್ಷ ದಾರಿಗಳೆಲ್ಲ ಬಂದ್ ಆಗಿ ಉಣ್ಣೆ ಮಾರಾಟವಾಗಿರಲಿಲ್ಲ. ದೊಡ್ಡಿಯ ಪಕ್ಕದ ಚಪ್ಪರದಲ್ಲಿ ಎದೆಮಟ್ಟ ರಾಶಿ ಬಿದ್ದಿತ್ತು. ಖುರ್ಷಿದಳನ್ನು ಅದರೊಳಗೆ ಮಲಗಿಸಿ ಮೇಲೆ ಉಣ್ಣೆ ಮುಚ್ಚಿದಳು. ಶಮೀಮಳಿಗೆ ಆಗ ಐದು ವರ್ಷ. ಅವಳ ತಲೆಗೆ ಕಂಬಳಿಯ ಕುಂಚಿಗೆ ಸುತ್ತಿ, ಹಣೆಗೆ ಬೀರಪ್ಪನ ಅರಿಸಿನದ ಭಂಡಾರ ಬಳಿದು, ಮಡಿಲಲ್ಲಿ ಹಾಕಿಕೊಂಡು ರಾಶಿಯ ಮುಂದೆಯೇ ಕದಿರು ಹಿಡಿದು ಕುಳಿತಳು. ಮಗು ಬಾಯಿ ತೆರೆದರೆ ಅಮ್ಮಿ ಎನ್ನುತ್ತಿತ್ತು. ಅಷ್ಟಾದರೆ ಮುಗಿಯಿತು.

"ಶಮೀಮಾ, ಕಥಿ ಹೇಳ್ತೇನಿ. ಹೂಂ ಅನಬೇಕು. ಬ್ಯಾರೆ ಏನೂ ಅನಬಾರದು. ಹೂಂ ಅನ್ನೂದು ಬಿಟ್ರ ಬೀರಪ್ಪ ಅಡವ್ಯಾಗ ಒಬ್ಬನೇ ಉಳೀತಾನ, ಗೊತ್ತೈತಿಲ್ಲ."

"ಹೂಂ," ಎಂದಿತು ಮಗು.

ದತ್ತಾತ್ರಿ ಚಪ್ಪರಕ್ಕೆ ಬಂದಾಗ ಅವನ ಧೋತರ ಮೊಣಕಾಲಿನವರೆಗೆ ಕೆಂಪಾಗಿತ್ತು. ಹಿಂದೆ ಭರ್ಚಿ ಹಿಡಿದ ಇಬ್ಬರು, ಹೊರಗಿನವರು.

"ಪುತಳಾ, ಪಿಂಜಾರನ ಹೆಂಡ್ತಿ ಈ ಕಡೆ ಬಂದಾಳೇನು?"

"ಬಂದಿಲ್ಲರಿ ಭಾವಾ."

"ಇದು ಯಾರ ಕೂಸು?"

"ನನ್ನ ತಂಗಿ ಮಗಳರಿ. ಭಾತಂಬ್ರಾದ್ದು. ಜ್ವರ ಬಂದಾವ, ಕಥಿ ಹೇಳಿ ಮಲಗಸಾಕತ್ತೇನಿ."

ವರ್ಷದಿಂದ ಊರಲ್ಲಿಲ್ಲದ ದತ್ತಾತ್ರಿಗೆ ಮಗುವಿನ ಗುರುತು ಸಿಗಲಿಲ್ಲ. "ತಮ್ಮನ ಋಣ ತೀರಸಾಕ ಬಂದೀನಿ. ಅವನ ಮನಿ ತೋರಿಸಿದಾಂವ ನಿನ್ನ ಹೊಸ್ತಲದಾಗ ಬಿದ್ದಾನ, ಹೋಗಿ ನೋಡು," ಎಂದ.

ಅವಳಿಗೆ ಹೇಳುವ ಮಾತಿತ್ತು. ಮಡಿಲಲ್ಲಿ ಮಗು ಇತ್ತು. ಅವಳು ಕಥೆಯನ್ನೇ ಮುಂದುವರಿಸಿದಳು. "ಅಡವ್ಯಾಗ ತೊಟ್ಲಾ ಕಟ್ಟಿದ್ರು. ತೂಗವ್ರು ಯಾರೂ ಇಲ್ಲ."

"ಹೂಂ."

ದತ್ತಾತ್ರಿ ಕಣ್ಸನ್ನೆ ಮಾಡಿದ. ಒಬ್ಬ ಉಣ್ಣೆಯ ರಾಶಿಯೊಳಗೆ ಭರ್ಚಿ ತಿವಿದ. ಎಳೆದ. ಇನ್ನೊಂದು ಕಡೆ ತಿವಿದ. "ಅಕ್ಕ ಮಾಯವ್ವ ಬಂದ್ಳು," ಎಂದಳು ಪುತಳಾ. "ಹೂಂ," ಎಂದಿತು ಮಗು. ಮೂರನೆಯ ಸಲ ಭರ್ಚಿ ಸ್ವಲ್ಪ ತಡೆದು ಒಳಗೆ ಹೋದದ್ದು ಪುತಳಾಳ ಬೆನ್ನಿಗೇ ತಿಳಿಯಿತು. ರಾಶಿಯೊಳಗಿಂದ ಉಸಿರಿನ ಸದ್ದೂ ಬರಲಿಲ್ಲ. ಭರ್ಚಿ ಹೊರಗೆ ಬರುವಾಗ ಉಣ್ಣೆ ಅದನ್ನು ಸ್ವಚ್ಛವಾಗಿ ಒರೆಸಿ ಕಳಿಸಿತು. ಅವರು ತುದಿ ನೋಡಿ ಹೊರಟುಹೋದರು.

ಸಂಜೆಯವರೆಗೆ ಓಣಿಯ ಬಾವಿಯ ಕಡೆಯಿಂದ ಕೂಗು ಕೇಳುತ್ತಿತ್ತು. ಒಂದೊಂದಾಗಿ ನಿಂತಿತು. ಯಾರು ಎಳೆದು ತಂದರು, ಯಾರು ತಳ್ಳಿದರು, ಯಾರು ಮೇಲಿನಿಂದ ಕಲ್ಲು ಎತ್ತಿ ಹಾಕಿದರು ಎಂಬುದನ್ನು ಪುತಳಾ ಚಪ್ಪರದ ಸಂದಿಯಿಂದ ನೋಡಿದಳು. ಎಲ್ಲರೂ ಅವಳಿಗೆ ಗೊತ್ತಿದ್ದವರು. ಅವಳ ಕೈಯ ಅಂಬಲಿ ಕುಡಿದವರು.

ಮರುದಿನ ಬೆಳಕು ಹರಿದಾಗ ಅವಳು ಉಳಿದ ಇಪ್ಪತ್ತೆರಡು ಕುರಿ ಹೊಡೆದುಕೊಂಡು ತವರಿಗೆ ಹೊರಟಳು. ಖುರ್ಷಿದ ಕುರುಬಗಿತ್ತಿಯಂತೆ ಸೀರೆ ಉಟ್ಟು, ಕಂಬಳಿ ಹೊದ್ದು ಹಿಂದೆ ನಡೆದಳು. ಭರ್ಚಿ ಎಡ ಭುಜದ ಎಲುಬಿನ ಕೆಳಗೆ ಇಳಿದಿತ್ತು. ಗಾಯದಲ್ಲಿ ಸುಟ್ಟ ಉಣ್ಣೆಯ ಬೂದಿ, ಅರಿಸಿನ ತುಂಬಿ ಪುತಳಾ ಬಿಗಿದು ಕಟ್ಟಿದ್ದಳು. ಗಂಡ ಏನಾದ ಎಂದು ಅವಳು ಕೇಳಲಿಲ್ಲ. ಹೊರಡುವಾಗ ಅವನು ಬಿದ್ದಿದ್ದ ಹೊಸ್ತಿಲ ಮುಂದೆಯೇ ಹಾದುಹೋಗಿದ್ದರು.

ಮಾಂಜ್ರಾ ನದಿ ದಾಟುವ ಕಡೆ ಕೊಡಲಿ ಹಿಡಿದ ಏಳೆಂಟು ಮಂದಿ ಕುಳಿತಿದ್ದರು. ನೀರಿನಲ್ಲಿ ಎರಡು ಹೆಣ ಜಾಲಿಯ ಬೇರಿಗೆ ಸಿಕ್ಕಿ ಅಲುಗುತ್ತಿದ್ದವು. ಗಡ್ಡ ಬಿಟ್ಟ ಒಬ್ಬ ಮುದುಕ ಅವರ ಮುಂದೆ ಮೊಣಕಾಲೂರಿ ಕುಳಿತು ಏನೋ ಬೇಡಿಕೊಳ್ಳುತ್ತಿದ್ದ. ಇವರು ನೋಡುತ್ತಿದ್ದಂತೆಯೇ ಅವನ ಕುತ್ತಿಗೆಗೆ ಕೊಡಲಿ ಬಿತ್ತು.

"ಯಾರ ಪೈಕಿ ನೀವು?" ಕೊಡಲಿಯನ್ನು ಮರಳಿನಲ್ಲಿ ಉಜ್ಜುತ್ತ ಒಬ್ಬ ಕೇಳಿದ.

"ಕುರುಬರರಿ. ಭಾತಂಬ್ರಾದ ಹಣಮಂತಪ್ಪನ ಮಗಳು. ಆಕಿ ನನ್ನ ತಂಗಿ, ಮೂಕಿ ಅದಾಳರಿ."

ಅವನು ಖುರ್ಷಿದಳ ಹತ್ತಿರ ಬಂದು ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಹಿಡಿದದ್ದು ಗಾಯದ ಭುಜ. ಅವಳ ಮುಖ ಬೂದಿಯಾಯಿತು, ತುಟಿ ಬಿಚ್ಚಲಿಲ್ಲ. ಅವನಿಗೆ ಅನುಮಾನ ಹೋಗಲಿಲ್ಲ. ಬಗ್ಗಿ ಶಮೀಮಳ ಗಲ್ಲ ಎತ್ತಿದ. "ಕೂಸು ಹೇಳಲಿ. ಕುರುಬರ ಕೂಸಾದರ ಬೀರಪ್ಪನ್ನ ಯಾರು ಸಾಕಿದ್ರು, ಹೇಳು ನೋಡೋಣ."

ಶಮೀಮ ಆ ಮನುಷ್ಯನ ಕೈಯ ರಕ್ತವನ್ನೇ ನೋಡುತ್ತ, ಸಣ್ಣ ದನಿಯಲ್ಲಿ, ಪುತಳಾ ಹೇಳುವ ರಾಗದಲ್ಲೇ ಹೇಳಿದಳು: "ಅಡವ್ಯಾಗ ತೊಟ್ಲಾ ಕಟ್ಟಿದ್ರು. ತೂಗವ್ರು ಯಾರೂ ಇಲ್ಲ. ಅಕ್ಕ ಮಾಯವ್ವ ಬಂದ್ಳು. ಆಕಳ ಹಾಲ ಕುಡಸಲಿಲ್ಲ, ಕುರಿ ಹಾಲ ಕುಡಸಿದ್ಳು." ಅವಳು ನಿಲ್ಲಿಸಲಿಲ್ಲ. ನೀರಿಗೆ ಇಳಿದು ಆಚೆ ದಂಡೆ ಹತ್ತುವವರೆಗೂ ಹೇಳುತ್ತಲೇ ಇದ್ದಳು.

ಭಾತಂಬ್ರಾದಲ್ಲಿ ಹಣಮಂತಪ್ಪ ಏನೂ ಕೇಳದೆ ಒಳಗೆ ಕರೆದುಕೊಂಡ. ಹದಿನೈದು ದಿನಗಳ ಮೇಲೆ, ಫೌಜಿನ ಪಹರೆ ಬಿದ್ದು ದಾರಿ ತಣ್ಣಗಾದಾಗ, ಬೀದರದ ಚೌಬಾರದ ಹತ್ತಿರ ಬಿದರಿ ಕೆಲಸ ಮಾಡುತ್ತಿದ್ದ ಖುರ್ಷಿದಳ ತಮ್ಮ ಯುನುಸನ ಮನೆಗೆ ಅವರನ್ನು ಮುಟ್ಟಿಸಿ ಬಂದ. ಖುರ್ಷಿದಳ ಎಡಗೈ ಮತ್ತೆಂದೂ ಭುಜದ ಮೇಲಕ್ಕೆ ಏಳಲಿಲ್ಲ.

ಪುತಳಾ ಮೆಂಢವಾಡಿಗೆ ಮರಳಿದಳು. ಅವಳ ಹೊಲ, ಮನೆ ಅಲ್ಲಿದ್ದವು. ಬಾಗಿಲ ಹಲಗೆಯನ್ನು ದತ್ತಾತ್ರಿಯೇ ಹೊಸದಾಗಿ ಮಾಡಿಸಿಕೊಟ್ಟಿದ್ದ. ಅವನೀಗ ಊರಿಗೆ ದೊಡ್ಡ ಮನುಷ್ಯ. ಅಧಿಕಾರಿಗಳು ಬಂದಾಗೆಲ್ಲ ಪುತಳಾಳನ್ನು ಕರೆಸುತ್ತಿದ್ದ. ಅವಳಿಗೆ ಕಥೆ ಹೇಳುವ ಬಾಯಿ ಇದೆಯೆಂದು ಊರಿಗೆ ಗೊತ್ತಿತ್ತು. ಗುಡಿಯ ಮುಂದೆ ಹೆಂಗಸು ಹೇಳಬಾರದೆಂಬ ಕಟ್ಟಳೆಯನ್ನು ಅದಕ್ಕಾಗಿ ಮುರಿದರು. ಅವಳು ಲಾರಿ ಬಂದದ್ದು, ಬೆಂಕಿ ಹಚ್ಚಿದ್ದು, ಕಣದಲ್ಲಿ ಭರ್ಚಿ ಇಳಿದದ್ದು ಹೇಳುವಳು. ಕೇಳಿದವರು ಅಳುವರು. ಭರ್ಚಿಯ ಹತ್ತಿರ ಅವಳು ನಿಲ್ಲಿಸುವಳು. ಮುಂದೇನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಮೂರು ವರ್ಷ ಹೀಗೆ ಅರ್ಧ ಕಥೆ ಹೇಳಿದಳು.

ಐವತ್ತೊಂದರಲ್ಲಿ ಓಣಿಯ ಬಾವಿಯನ್ನು ಮಣ್ಣು ಹಾಕಿ ಮುಚ್ಚಬೇಕೆಂದು ಊರವರು ನಿಶ್ಚಯಿಸಿದರು. ಸುದ್ದಿ ಕುರಿ ವ್ಯಾಪಾರಿಗಳ ಮೂಲಕ ಬೀದರಕ್ಕೆ ಹೋಯಿತು. ಮುಚ್ಚುವ ದಿನ ಬೆಳಿಗ್ಗೆ ಔರಾದದ ಕಡೆಯಿಂದ ಒಂದು ಬಂಡಿ ಬಂತು. ಖುರ್ಷಿದ, ಯುನುಸ, ಎಂಟು ವರ್ಷದ ಶಮೀಮ ಇಳಿದರು. ಮಣ್ಣು ಹಾಕುವುದಕ್ಕೆ ಮೊದಲು ಸತ್ತವರಿಗಾಗಿ ಫಾತೆಹಾ ಓದಬೇಕು ಎಂದಷ್ಟೇ ಖುರ್ಷಿದ ಕೇಳಿದ್ದು.

ಊರು ಕೂಡಿತ್ತು. ದತ್ತಾತ್ರಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದ.

"ಉಳಿದವರ ಹೆಸರಲ್ಲಿ ಓದಿಕೋ," ಎಂದ. "ನಿನ್ನ ಗಂಡನ ಹೆಸರ ಈ ಊರಾಗ ತಗೀಬ್ಯಾಡ. ಅವನೇ ಮುಂದ ನಿಂತು ನನ್ನ ತಮ್ಮನ ಮನಿ ತೋರಿಸಿದಾಂವ. ಊರೆಲ್ಲಾ ನೋಡೇದ."

ಶಮೀಮ ತಾಯಿಯ ಮುಖ ನೋಡಿದಳು. ಖುರ್ಷಿದ ತಲೆ ತಗ್ಗಿಸಿದಳು. ಅವಳಿಗೂ ಅದು ನಿಜವೋ ಸುಳ್ಳೋ ಗೊತ್ತಿರಲಿಲ್ಲ. ದವಡೆ ಮುರಿದ ಮೇಲೆ ಶರಫೋದ್ದೀನ ಆ ದಿನದ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮಗು ಪುತಳಾಳ ಕಡೆ ತಿರುಗಿ, "ಖರೇನಾ ದೊಡ್ಡವ್ವಾ?" ಎಂದು ಕೇಳಿತು.

"ಸುಳ್ಳು," ಎಂದಳು ಪುತಳಾ.

ಅವಳು ಕಟ್ಟೆಯ ಹತ್ತಿರ ಬಂದು ನಿಂತು, ಗುಡಿಯ ಮುಂದೆ ಹೇಳುವ ಏರುದನಿಯಲ್ಲೇ ಶುರು ಮಾಡಿದಳು. ಮನೆ ಖಾಲಿ ಇದೆಯೆಂದು ಶರಫೋದ್ದೀನ ಆಣೆ ಹಾಕಿದ್ದು, ದವಡೆ ಮುರಿದರೂ ಮಾತು ಬದಲಿಸದೇ ಇದ್ದದ್ದು. "ನನ್ನ ಗಂಡನ್ನ ಉಳಸಾಕ ಅಂವ ಸುಳ್ಳು ಹೇಳಿದ. ನಾ ಬಾಗಲದ ಹಿಂದ ನಿಂತು ಈ ಕಿವೀಲೆ ಕೇಳೀನಿ."

"ಸಾಕು, ಬಾಯಿ ಮುಚ್ಚು," ಎಂದ ದತ್ತಾತ್ರಿ.

ಅವಳು ಭಾದ್ರಪದದ ಮಧ್ಯಾಹ್ನಕ್ಕೆ ಬಂದಳು. ಬಾವಿಗೆ ಏಳು ಮಂದಿ ಬಿದ್ದರು ಎಂದಳು. ಯಾರನ್ನು ಯಾರು ಎಳೆದು ತಂದರೆಂದು ಒಬ್ಬೊಬ್ಬರದೇ ಹೆಸರು ಹಿಡಿದು ಹೇಳಿದಳು. ಆ ಹೆಸರಿನವರು ಸಲಿಕೆ ಹಿಡಿದು ಅಲ್ಲೇ ನಿಂತಿದ್ದರು. ದತ್ತಾತ್ರಿ ಕಟ್ಟೆಯಿಂದ ಇಳಿದು ಕುರಿ ಹೊಡೆಯುವ ಕೋಲಿನಿಂದ ಅವಳ ಬಾಯಿಗೆ ಹೊಡೆದ. ಅವಳು ಬಿದ್ದಳು. ಎದ್ದು ಕುಳಿತು, ರಕ್ತದೊಂದಿಗೆ ಹಲ್ಲು ಉಗುಳಿ, ಮುಂದಿನ ಹೆಸರು ಹೇಳಿದಳು. ಅವನು ಮತ್ತೆ ಹೊಡೆದ. ಸಲಿಕೆಯ ಹಿಡಿಯಿಂದ ಇನ್ನಿಬ್ಬರು ಬೆನ್ನಿಗೆ, ಕೈಗೆ ಹೊಡೆದರು. ಬಲ ಮೊಣಕೈ ಮುರಿಯಿತು. ಹೆಂಗಸರಲ್ಲಿ ಒಬ್ಬರೂ ಮುಂದೆ ಬರಲಿಲ್ಲ, ಒಬ್ಬರೂ ಮನೆಗೂ ಹೋಗಲಿಲ್ಲ. ನಿಂತು ಕೇಳಿದರು.

ಕಡೆಗೆ ಅವಳು ಖುರ್ಷಿದಳ ಕಡೆ ಮುಖ ಮಾಡಿದಳು. "ಇನ್ನೊಂದು ಹೆಸರ ಉಳೀತು. ನಿನ್ನ ಗಂಡ ನನ್ನ ಬಾಗಲಿಗೆ ಬಂದಿದ್ದ ಖುರ್ಷಿದಬೀ. ಬಾಗಲ ತಗೀರಿ ಅಂದ. ಅಗಳಿ ಮ್ಯಾಲ ನನ್ನ ಕೈ ಇತ್ತು. ನಾ ತಗೀಲಿಲ್ಲ. ಅಂಜಿಕಿ ಬಂತು. ಪುತಳಾಬಾಯಿ ಅಂತ ಬರ್ಕೋ ಆ ಹೆಸರು."

ಯುನುಸ ಅವಳಿಗೂ ಆ ಗಂಡಸರಿಗೂ ನಡುವೆ ಬಂದು ನಿಂತ. ಖುರ್ಷಿದ ಮಗಳ ಕೈ ಹಿಡಿದು ಬಂಡಿಯ ಕಡೆ ನಡೆದಳು. ಫಾತೆಹಾ ಓದಲಿಲ್ಲ. ಬಂಡಿ ಹತ್ತಿ ಕುಳಿತ ಮೇಲೆ ತಮ್ಮನಿಗೆ, "ಆಕಿನ್ನೂ ಹಾಕ್ಕೋ. ಇಲ್ಲೇ ಬಿಟ್ರ ಕೊಲ್ತಾರ," ಎಂದಳು. ಬೀದರ ಮುಟ್ಟುವವರೆಗೆ ಪುತಳಾಳೊಂದಿಗೆ ಒಂದು ಮಾತೂ ಆಡಲಿಲ್ಲ. ಹಿಂದೆ ಮೆಂಢವಾಡಿಯಲ್ಲಿ ಪುತಳಾಳ ಮನೆ ಉರಿಯುತ್ತಿತ್ತು. ಹೊಗೆ ಎರಡು ಹರದಾರಿಯವರೆಗೂ ಕಂಡಿತು.

ಬೀದರದ ದವಾಖಾನೆಯಲ್ಲಿ ಕೈ ಕಟ್ಟಿದರು. ಮುಂದಿನ ಹಲ್ಲು ಮೇಲೆ ನಾಲ್ಕು, ಕೆಳಗೆ ಎರಡು ಹೋಗಿದ್ದವು. ಪೊಲೀಸರು ಒಂದು ದಿನ ಬಂದು ಬರೆದುಕೊಂಡು ಹೋದರು. ಅದರಿಂದ ಏನೂ ಆಗಲಿಲ್ಲ. ನಾಲ್ಕನೆಯ ದಿನ ಖುರ್ಷಿದ ಗಂಜಿ ಮಾಡಿಕೊಂಡು ಬಂದಳು. ಚಮಚೆಯಿಂದ ಅರ್ಧ ಬಟ್ಟಲು ಕುಡಿಸಿದಳು. ಬಟ್ಟಲು ಕೆಳಗಿಟ್ಟು ಕೇಳಿದಳು.

"ಬಾಗಲ ತಗೀರಿ ಅಂದ್ರು ಅಂದಿ. ಆಮ್ಯಾಲ ಏನ ಅಂದ್ರು?"

ಪುತಳಾಳ ಬಾತ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಬ್ಯಾಡರಿ ವೈನಿ, ತಗೀಬ್ಯಾಡರಿ, ಅವರು ಬಂದ್ರು. ಖುರ್ಷಿದ, ಕೂಸು ಹತ್ತಿ ಖೋಲ್ಯಾಗ ಅದಾರ. ಕಿಂಡ್ಯಾಗಿಂದ ಹೋಗ್ರಿ ಅಂದ. ಅಷ್ಟ ಅಂದ."

ಖುರ್ಷಿದ ಗೋಡೆಗೆ ಒರಗಿ ಕುಳಿತಳು. ಮೂರು ವರ್ಷಗಳಿಂದ ಅತ್ತಿರದವಳು ಆಗ ಅತ್ತಳು. ಅತ್ತು ಮುಗಿದ ಮೇಲೆ ಉಳಿದ ಗಂಜಿ ಕುಡಿಸಿದಳು. "ನಿನಗ ಮಾಫ್ ಮಾಡ್ತೇನಿ ಅಂತ ಹೇಳಾಕ ನನಗ ಆಗವಲ್ದು," ಎಂದಳು. "ನಾಳಿ ಮತ್ತ ಬರ್ತೇನಿ." ಮರುದಿನವೂ ಬಂದಳು. ಕೈ ಕೂಡುವವರೆಗೆ, ಒಂದೂವರೆ ತಿಂಗಳು, ದಿನಾ ಬಂದಳು.

ಪುತಳಾ ಊರಿಗೆ ಹೋಗುವಂತಿರಲಿಲ್ಲ. ತಂದೆ ತೀರಿಕೊಂಡಿದ್ದ. ಕಂಬಳಿಗೆ ನೂಲುವವರು ಬೇಕೆಂದು ಕೇಳಿ ಭಾಲ್ಕಿಗೆ ಬಂದು, ಹೀಗೆ ನಮ್ಮ ಹಿತ್ತಲು ಸೇರಿದಳು. ನಮ್ಮ ಅವ್ವ ಇಷ್ಟಲಿಂಗ ಪೂಜೆ ಬಿಡದವಳು, ಅವಳ ಕಥೆ ಕೇಳಿದ ಮೇಲೆ, "ಹೇಳೂದು ನಿಲ್ಲಸಬ್ಯಾಡವ್ವ. ಕೇಳಾಕ ನಾ ಮಂದಿ ಕರೀತೇನಿ," ಎಂದಳು. ಹಲ್ಲು ಹೋದ ಬಾಯಿಂದ ಮೊದಮೊದಲು ಗಾಳಿಯೇ ಬರುತ್ತಿತ್ತು. ನಾಲಿಗೆಯನ್ನು ಬೇರೆ ರೀತಿ ಹೊರಳಿಸಲು ಅವಳು ಒಂದು ವರ್ಷ ತೆಗೆದುಕೊಂಡಳು. ಬೀರಪ್ಪನ ಕಥೆ ಹೇಳುವಳು, ಕರ್ಬಲಾದ್ದು ಹೇಳುವಳು, ಮೆಂಢವಾಡಿಯದು ಹೇಳುವಳು. ಆಗ ಭರ್ಚಿಯ ಹತ್ತಿರ ನಿಲ್ಲಿಸುತ್ತಿರಲಿಲ್ಲ. ರಜೆ ಬಂದಾಗ ಶಮೀಮ ಬೀದರದಿಂದ ಬಂದು ಇರುತ್ತಿದ್ದಳು. ಕೇಳಿದ್ದನ್ನು ದಖನಿ ಉರ್ದುವಿನಲ್ಲಿ ತಾಯಿಗೆ, ಮಾವನಿಗೆ ಹೇಳುತ್ತಿದ್ದಳು.

ಐವತ್ತಾರರ ಬೇಸಿಗೆ. ಹೈದರಾಬಾದ್ ರಾಜ್ಯ ಒಡೆದು ಬೀದರ ಜಿಲ್ಲೆ ಮೈಸೂರಿಗೆ ಸೇರುತ್ತದೆಂದು ಮಾತಾಡುತ್ತಿದ್ದ ದಿನಗಳು. ನನಗೆ ಹದಿನಾರು. ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಸೊರಗಿದ ಮನುಷ್ಯ ಹಿತ್ತಲ ಬಾಗಿಲಿಗೆ ಬಂದು, ಕೆಮ್ಮಿ ಕೆಮ್ಮಿ ಕಟ್ಟೆಯ ಮೇಲೆ ಕುಳಿತ. ಪುತಳಾಬಾಯಿ ನೂಲುತ್ತಿದ್ದಳು. ಶಮೀಮ ಪಕ್ಕದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಪುತಳಾಬಾಯಿಯ ಕದಿರು ನಿಂತದ್ದು ನೋಡಿ ಬಂದವನು ದತ್ತಾತ್ರಿ ಎಂದು ನನಗೆ ತಿಳಿಯಿತು.

"ಭಾಲ್ಕ್ಯಾಗ ನನ್ನ ಹೆಸರ ಹೇಳಿ ಕಥಿ ಹೇಳ್ತಿ ಅಂತ," ಎಂದ.

"ಹೇಳ್ತೇನಿ."

"ನಾ ಇನ್ನ ಭಾಳ ದಿನಾ ಇರೂದಿಲ್ಲ. ಹೆಸರಷ್ಟು ಬಿಡು."

"ಬಿಡೂದಿಲ್ಲರಿ ಭಾವಾ. ನನ್ನ ಹೆಸರೂ ಬಿಟ್ಟಿಲ್ಲ. ಬಂದೀರಿ, ಕೂತು ಕೇಳಿ ಹೋಗ್ರಿ."

ಅವನು ಏಳಲಿಲ್ಲ. ಅವಳು ನೂಲು ಎಳೆಯುತ್ತ ಮೊದಲಿನಿಂದ ಹೇಳಿದಳು. ಅವನ ತಮ್ಮ ಸತ್ತದ್ದು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಬಾವಿಯ ಮಾತು ಬಂದಾಗ ಅವನು ತನ್ನ ಪಾದ ನೋಡುತ್ತಿದ್ದ. ಬಾವಿಗೆ ಏಳು ಮಂದಿ ಬಿದ್ದರು ಎಂದು ಅವಳು ಅಂದಳು.

"ಏಳಲ್ಲ," ಎಂದ ದತ್ತಾತ್ರಿ. "ಎಂಟು."

ಪುತಳಾಬಾಯಿ ಅವನನ್ನೇ ನೋಡಿದಳು.

"ಶಾಕಿರಾ ಬೇಗಂ ಮುದುಕಿ. ಹೈದರಾಬಾದಿಗೆ ಮಗನ ಕಡೆ ಓಡಿಹೋದ್ಳು ಅಂತ ನಾವೇ ಊರಾಗ ಹಬ್ಬಿಸಿದ್ವಿ. ಎಲ್ಲಾರಿಗಿಂತ ಮೊದಲು ಆಕಿನ್ನ ಹಾಕಿದ್ದು. ನಾನೇ ಹಾಕಿದ್ನಿ. ನೀ ಆವಾಗಿನ್ನೂ ಚಪ್ಪರಕ್ಕ ಬಂದಿರಲಿಲ್ಲ, ನಿನಗ ಕಂಡಿಲ್ಲ."

ಇಷ್ಟು ಹೇಳಿ ಅವನು ಗೋಡೆ ಹಿಡಿದು ಎದ್ದು ಹೋದ. ಆ ಮಳೆಗಾಲ ಮುಗಿಯುವುದರೊಳಗೆ ಸತ್ತನೆಂದು ಸುದ್ದಿ ಬಂತು.

ಶಾಕಿರಾ ಬೇಗಂ ಮೆಂಢವಾಡಿಯಲ್ಲಿ ಪುತಳಾಬಾಯಿಯ ಮನೆಗೆ ಹಾಲು ಹಾಕಿಸಿಕೊಳ್ಳಲು ಬರುತ್ತಿದ್ದ ಮುದುಕಿ. ಮಗ ಹೈದರಾಬಾದಿನಲ್ಲಿ ಛಾಪಖಾನೆಯ ಕೆಲಸಕ್ಕಿದ್ದ ಎಂದು ಪುತಳಾಬಾಯಿ ನೆನಪಿಸಿಕೊಂಡಳು. ಎಂಟು ವರ್ಷಗಳಿಂದ ಅವನು ತಾಯಿಯನ್ನು ಎಲ್ಲಿ ಹುಡುಕುತ್ತಿದ್ದನೋ. ಅಂದು ಮಧ್ಯಾಹ್ನ ಶಮೀಮ ನನ್ನ ಶಾಲೆಯ ವಹಿಯಿಂದ ಎರಡು ಹಾಳೆ ಕೇಳಿ ತೆಗೆದುಕೊಂಡು ಕುಳಿತಳು. ಪುತಳಾಬಾಯಿ ಕನ್ನಡದಲ್ಲಿ ಹೇಳಿದಳು, ಅವಳು ಆ ಮಗನಿಗೆ ಉರ್ದುವಿನಲ್ಲಿ ಪತ್ರ ಬರೆದಳು. ಅವನ ವಿಳಾಸ ಪತ್ತೆಯಾಗಲು ನಾಲ್ಕು ತಿಂಗಳು ಹಿಡಿಯಿತು. ಬೀದರದಲ್ಲಿ ಯುನುಸ ಹೈದರಾಬಾದಿನಿಂದ ಬಂದ ಪ್ರತಿಯೊಬ್ಬರನ್ನೂ ಕೇಳಿ, ಕಡೆಗೆ ಪತ್ತೆ ಮಾಡಿ, ಪತ್ರವನ್ನು ತಾನೇ ಟಪಾಲಿಗೆ ಹಾಕಿ ಬಂದ.